ನಮ್ಮ ಹಾಳೆಯಲ್ಲೇ ಸಾಕಿದ ಸೊಳ್ಳೆ

2008ರ ಮಳೆಗಾಲ. ನಮ್ಮ ಮನೆಯ ಐದು ಜನರಲ್ಲಿ ನಾಲ್ವರು ಎಂಟು ದಿನದೊಳಗೆ ಚಾಪೆ ಹಿಡಿದೆವು. ಚಿಕುನ್‌ಗುನ್ಯ. ಆ ವರ್ಷ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅದರ ಹಾವಳಿ ಎಷ್ಟಿತ್ತೆಂದು ಓದುಗರಿಗೆ ನೆನಪಿರಬಹುದು. ತೋಟಕ್ಕೆ ಎರಡನೇ ಸಲ ಬೋರ್ಡೋ ಬಿಡುವ ಹೊತ್ತು ಅದು. ಮದ್ದು ಬಿಡುವವನಿಗೂ ಅದೇ ಜ್ವರ. ಬೇರೆಯವರನ್ನು ಕರೆಯೋಣವೆಂದರೆ ಅವರ ಮನೆಯಲ್ಲೂ ಅದೇ ಕಥೆ. ಮದ್ದು ಮೂರು ವಾರ ತಡವಾಯಿತು, ಕೊಳೆ ಬಂತು, ಮೂರರಲ್ಲೊಂದು ಪಾಲು ಅಡಿಕೆ ಬುಡಕ್ಕೆ ಬಿತ್ತು. ಜ್ವರ ಐದು ದಿನಕ್ಕೆ ಬಿಟ್ಟರೂ ಗಂಟು ನೋವು ಶಿವರಾತ್ರಿವರೆಗೂ ಬಿಡಲಿಲ್ಲ. ಅಡಿಕೆ ಸುಲಿಯಲು ಕೂತರೆ ಏಳಲಿಕ್ಕೆ ಇನ್ನೊಬ್ಬರು ಕೈ ಕೊಡಬೇಕು.

ಸೊಳ್ಳೆ ಅಂದರೆ ಪೇಟೆಯ ಚರಂಡಿಯದ್ದು ಅಂತ ನಾನು ತಿಳಿದಿದ್ದೆ. ನಮ್ಮದು ತೋಟದ ನಡುವಿನ ಒಂಟಿ ಮನೆ, ಇಲ್ಲಿ ಚರಂಡಿ ಎಲ್ಲಿಂದ ಬರಬೇಕು? ರಕ್ತ ಪರೀಕ್ಷೆಗೆಂದು ಬಂದ ಆರೋಗ್ಯ ಇಲಾಖೆಯ ಹುಡುಗ ಮಾತಾಡದೆ ತೋಟಕ್ಕಿಳಿದ. ಮಗುಚಿ ಬಿದ್ದಿದ್ದ ಒಂದು ಅಡಿಕೆ ಹಾಳೆಯನ್ನು ಮೆಲ್ಲ ಎತ್ತಿ ತಂದ. ಅದರಲ್ಲಿ ಒಂದು ಲೋಟದಷ್ಟು ಕಂದು ನೀರು. ನೀರಿನೊಳಗೆ ಕುಣಿಯುವ ನೂರಾರು ಹುಳ. "ಅಣ್ಣ, ಇದು ನೀವು ಸಾಕಿದ್ದು" ಅಂದ. ನನಗೆ ಸಿಟ್ಟು ಬಂತು, ಆದರೆ ಹೇಳಲಿಕ್ಕೆ ಏನೂ ಇರಲಿಲ್ಲ.

ನಮ್ಮ ತೋಟದ ಈ ಸೊಳ್ಳೆಯ ಹೆಸರು ಏಡಿಸ್ ಆಲ್ಬೊಪಿಕ್ಟಸ್. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ನಡುವೆ ಒಂದೇ ಬಿಳಿ ಗೀರು. ಪೇಟೆಯಲ್ಲಿ ಹೆಚ್ಚಾಗಿರುವುದು ಇದರ ಸೋದರಿ ಏಡಿಸ್ ಈಜಿಪ್ಟಿ. ಎರಡೂ ಕಚ್ಚುವುದು ಹಗಲಿನಲ್ಲಿ, ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಕೊಳೆತ ಚರಂಡಿಯದ್ದು ಕ್ಯುಲೆಕ್ಸ್, ಅದು ಆನೆಕಾಲು ಹರಡುವ ಜಾತಿ. ಮಲೇರಿಯಾದ್ದು ಅನಾಫಿಲಿಸ್. ಒಂದೊಂದರ ಮನೆ ಬೇರೆ, ಊಟದ ಹೊತ್ತು ಬೇರೆ. ಎಲ್ಲಕ್ಕೂ ಒಂದೇ ಮದ್ದು ಅಂದರೆ ಕೊಳೆರೋಗಕ್ಕೂ ಬೇರುಹುಳಕ್ಕೂ ಒಂದೇ ಮದ್ದು ಬಿಟ್ಟ ಹಾಗೆ.

ಚಿಕುನ್‌ಗುನ್ಯ ಮೊದಲು ಈಜಿಪ್ಟಿ ಸೊಳ್ಳೆಯನ್ನೇ ನೆಚ್ಚಿಕೊಂಡಿದ್ದ ರೋಗ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಆ ವೈರಸ್ಸಿನಲ್ಲಿ ಒಂದು ಸಣ್ಣ ಬದಲಾವಣೆ ಕಾಣಿಸಿತು. ಅದರಿಂದ ಅದು ಆಲ್ಬೊಪಿಕ್ಟಸ್ ಮೈಯಲ್ಲೂ ಸಲೀಸಾಗಿ ಬೆಳೆಯುವಂತಾಯಿತು. 2007ರಲ್ಲಿ ಅದೇ ಬದಲಾವಣೆ ಕೇರಳದಲ್ಲಿ ಸಿಕ್ಕಿತು. ರಬ್ಬರು, ಅಡಿಕೆ, ಕೊಕ್ಕೋ ಇರುವ ಕಡೆ ಈ ಸೊಳ್ಳೆಗೆ ಬರವಿಲ್ಲವಲ್ಲ.

ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದು ಬದುಕುತ್ತದೆ. ಏಡಿಸ್ ಮೊಟ್ಟೆ ಇಡುವುದು ನೀರಿನೊಳಗಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ. ಆ ಮೊಟ್ಟೆ ಒಣಗಿದರೂ ಸಾಯದೆ ತಿಂಗಳುಗಟ್ಟಲೆ ಕಾಯುತ್ತದೆ. ಮುಂದಿನ ಮಳೆಗೆ ನೀರು ಏರಿದಾಗ ಒಡೆಯುತ್ತದೆ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು ಅನ್ನುವುದು ಇದಕ್ಕೇ. ನಾನು ಬೋರ್ಡೋ ಡ್ರಮ್ಮನ್ನು ತೊಳೆದು ಬಾಯಿ ಮೇಲಾಗಿ ಇಡುತ್ತಿದ್ದೆ. ಎಷ್ಟು ವರ್ಷ ಹಾಗೆ ಸೊಳ್ಳೆ ಬೆಳೆಸಿದೆನೋ!

ಹುಳು ಏನು ತಿಂದು ಬೆಳೆಯುತ್ತದೆ ಅನ್ನುವ ಕುತೂಹಲಕ್ಕೆ ಒಮ್ಮೆ ಎರಡು ಗಾಜಿನ ಭರಣಿ ಇಟ್ಟು ನೋಡಿದೆ. ಒಂದರಲ್ಲಿ ಕುದಿಸಿ ತಣಿಸಿದ ಬಾವಿ ನೀರು, ಇನ್ನೊಂದರಲ್ಲಿ ಹಾಳೆ ನೆನೆದ ನೀರು. ಎರಡಕ್ಕೂ ಹತ್ತತ್ತು ಎಳೆ ಹುಳ ಬಿಟ್ಟು ಬಾಯಿಗೆ ಬಟ್ಟೆ ಕಟ್ಟಿದೆ. (ಮನೆಯವಳು "ಇದೊಂದು ಬಾಕಿ ಇತ್ತು" ಅಂದಳು.) ಹಾಳೆ ನೀರಿನವು ಒಂಬತ್ತನೇ ದಿನಕ್ಕೆ ಸೊಳ್ಳೆಯಾಗಿ ಬಟ್ಟೆಗೆ ಬಡಿಯತೊಡಗಿದವು. ಬಾವಿ ನೀರಿನವು ಬೆಳೆಯಲೇ ಇಲ್ಲ, ಒಂದೊಂದಾಗಿ ತಳ ಸೇರಿದವು. ಕೊಳೆಯುವ ಎಲೆಯಲ್ಲಿ ಹುಟ್ಟುವ ಬ್ಯಾಕ್ಟೀರಿಯಾಗಳೇ ಅವುಗಳ ಅನ್ನ.

ನನ್ನದು ಬರೀ ಹಸಿವಿನ ಪರೀಕ್ಷೆ. ವಿಜ್ಞಾನಿಗಳು ಇನ್ನೂ ಮುಂದೆ ಹೋಗಿದ್ದಾರೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹುಳುಗಳಿಗೆ ಹೊಟ್ಟೆ ತುಂಬ ಆಹಾರ ಕೊಟ್ಟು, ಆದರೆ ಒಂದೇ ಒಂದು ಬ್ಯಾಕ್ಟೀರಿಯಾ ಸೋಕದಂತೆ ಸಾಕಿದರು. ಮೊದಲ ಹಂತದಿಂದ ಅವು ಮುಂದೆ ಹೋಗಲಿಲ್ಲ. ಬ್ಯಾಕ್ಟೀರಿಯಾ ಸೇರಿಸಿದ ಮೇಲೆ ಪೊರೆ ಕಳಚಿ ಬೆಳೆದವು. ನಮ್ಮ ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಲ್ಲದೆ ಹುಲ್ಲು ಹಾಲಾಗದು, ಹಾಗೆಯೇ ಇದು. ಮೊಟ್ಟೆ ಇಡುವ ಜಾಗವನ್ನು ಹೆಣ್ಣು ಹುಡುಕುವುದೂ ಎಲೆ ಕೊಳೆತ ನೀರಿನ ವಾಸನೆ ಹಿಡಿದು.

ಇನ್ನೊಂದು ಮಾತು. "ನಿಮ್ಮದು ಸಿಹಿ ರಕ್ತ, ಅದಕ್ಕೇ ನಿಮಗೆ ಕಚ್ಚುತ್ತದೆ" ಅನ್ನುತ್ತಾರಲ್ಲ, ಅದು ರಕ್ತದ ಸಂಗತಿಯಲ್ಲ. ನಮ್ಮ ಉಸಿರು, ಮೈಯ ಬಿಸಿ, ಮತ್ತೆ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಬೆವರನ್ನು ಒಡೆದು ಹೊರಡಿಸುವ ವಾಸನೆ ಅದನ್ನು ಕರೆಯುತ್ತವೆ. ಒಬ್ಬೊಬ್ಬರ ಚರ್ಮದ ವಾಸನೆ ಒಂದೊಂದು.

ಹೊಟ್ಟೆಗೆ ಬ್ಯಾಕ್ಟೀರಿಯಾ ತಿನ್ನುವ ಹುಳಕ್ಕೆ ವಿಷದ ಬ್ಯಾಕ್ಟೀರಿಯಾ ತಿನ್ನಿಸಿದರೆ? 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸತ್ತ ಸೊಳ್ಳೆ ಹುಳುಗಳಿದ್ದ ಒಂದು ಹೊಂಡದಿಂದ ಅಂಥದ್ದು ಸಿಕ್ಕಿತು. ನಾವು ಕೇಳಿರುವ ಬಿಟಿಯದೇ ಇನ್ನೊಂದು ತಳಿ, ಬಿಟಿಐ. ಅದರ ಹರಳಿನಂಥ ಪ್ರೋಟೀನು ಹುಳದ ಹೊಟ್ಟೆಯ ಕ್ಷಾರದಲ್ಲಿ ಕರಗಿ ಕರುಳನ್ನು ತೂತು ಮಾಡುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ, ಅಲ್ಲಿ ಅದರ ಆಟ ನಡೆಯದು. ಮೀನು, ಜೇನಿಗೂ ತೊಂದರೆಯಿಲ್ಲ. ಪುದುಚೇರಿಯ ಕೀಟಾಣುವಾಹಕ ಸಂಶೋಧನಾ ಕೇಂದ್ರದವರು ನಮ್ಮ ದೇಶದ್ದೇ ಒಂದು ತಳಿ ಸಿದ್ಧಪಡಿಸಿದ್ದಾರೆ. ಒಂದು ಮಿತಿ ಗೊತ್ತಿರಲಿ: ಬಾಲ ಮಡಚಿದಂತೆ ಕಾಣುವ ಕೋಶದ ಹಂತಕ್ಕೆ ಬಂದದ್ದು ಏನೂ ತಿನ್ನುವುದಿಲ್ಲ, ಅದಕ್ಕೆ ಇದು ತಾಗುವುದಿಲ್ಲ. ಮತ್ತೆ ಮತ್ತೆ ಹಾಕಬೇಕು. ಎಕರೆಗಟ್ಟಲೆ ಬಿದ್ದ ಹಾಳೆಗೆ ಹಾಕುತ್ತ ಕೂತರೆ ಪೂರೈಸದು. ಖಾಲಿ ಮಾಡಲಾಗದ ತೊಟ್ಟಿಗೆ ಸರಿ. ನಮ್ಮ ಹಟ್ಟಿಯ ತೊಟ್ಟಿಗೆ ನಾನು ಗಪ್ಪಿ ಮೀನು ಬಿಟ್ಟಿದ್ದೇನೆ, ಅದು ಪುಕ್ಕಟೆ.

ಈಗ ಕೇಳಿಬರುವ ಇನ್ನೊಂದು ಹೆಸರು ವೊಲ್ಬಾಕಿಯಾ. ಕೀಟಗಳ ಜೀವಕೋಶದೊಳಗೇ ಬದುಕಿ ತಾಯಿಯಿಂದ ಮೊಟ್ಟೆಗೆ ದಾಟುವ ಬ್ಯಾಕ್ಟೀರಿಯಾ. 1924ರಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಎಂಬವರು ಕ್ಯುಲೆಕ್ಸ್ ಸೊಳ್ಳೆಯಲ್ಲಿ ಕಂಡರು. ಇದಿರುವ ಗಂಡು, ಇಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಇಂಥ ಹೊಂದಾಣಿಕೆಯಾಗದ ಗಂಡುಗಳನ್ನು ಬಿಟ್ಟು 1967ರಲ್ಲೇ ಬರ್ಮಾದ ಓಕ್ಪೋ ಎಂಬ ಹಳ್ಳಿಯಲ್ಲಿ ಕ್ಯುಲೆಕ್ಸ್ ಸೊಳ್ಳೆಯನ್ನು ಇಲ್ಲವಾಗಿಸಿದ್ದರು. ಈಜಿಪ್ಟಿ ಸೊಳ್ಳೆಯಲ್ಲಿ ಇದು ಸಹಜವಾಗಿ ಇಲ್ಲ. ಪ್ರಯೋಗಾಲಯದಲ್ಲಿ ಸೇರಿಸಿದರೆ ಅದರ ಮೈಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯದು. ಇಂಡೋನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ಇಂಥ ಸೊಳ್ಳೆ ಬಿಟ್ಟ ಭಾಗಗಳಲ್ಲಿ ಡೆಂಗಿ ಶೇಕಡಾ 77ರಷ್ಟು ಕಡಿಮೆ ಕಂಡಿತೆಂದು 2021ರಲ್ಲಿ ಪ್ರಕಟವಾಯಿತು. ಪುದುಚೇರಿಯವರೂ 2022ರಲ್ಲಿ ಇಂಥ ಸೊಳ್ಳೆ ತಯಾರಿಸಿದ್ದನ್ನು ತಿಳಿಸಿದರು.

ಕೇಳಿ ಖುಷಿಯಾಯ್ತು, ಆಮೇಲೆ ಸಪ್ಪೆಯಾದೆ. ಯಾಕೆಂದರೆ ನಮ್ಮ ತೋಟದ ಆಲ್ಬೊಪಿಕ್ಟಸ್‌ನಲ್ಲಿ ವೊಲ್ಬಾಕಿಯಾ ಮೊದಲಿಂದಲೇ ಇದೆ. ಇದ್ದೂ ನಮ್ಮನ್ನು ಮಲಗಿಸಿತು. ಪೇಟೆಗೆ ಆ ದಾರಿಯಿಂದ ಲಾಭವಾಗಬಹುದು, ತೋಟದವರು ಹಾಳೆ ಹೆಕ್ಕುವುದೇ ಸದ್ಯದ ದಾರಿ.

ಹಳೆಯ ದಾರಿಯೇ ಅದು ಅನ್ನಿ. ಮಲೇರಿಯಾ ಹರಡುವ ಬಗೆ ಕಂಡುಹಿಡಿದ ರೊನಾಲ್ಡ್ ರಾಸ್ 1883ರ ಸುಮಾರಿಗೆ ಬೆಂಗಳೂರಿನಲ್ಲಿದ್ದ. ಕಿಟಕಿ ಹೊರಗಿನ ನೀರಿನ ಮರಿಗೆಯಲ್ಲಿ ಹುಳು ಕಂಡು ಅದನ್ನು ಬೋರಲು ಹಾಕಿಸಿದ. ಕೋಣೆಯಲ್ಲಿ ಸೊಳ್ಳೆ ಇಳಿಯಿತು. ಬೇರೆಡೆಯದ್ದನ್ನೂ ಹಾಗೇ ಮಾಡೋಣವೆಂದರೆ ಮೇಲಿನವರು ಒಪ್ಪಲಿಲ್ಲವಂತೆ!

ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ಸಾಕು. ನಮ್ಮಲ್ಲಿ ಅದು ಭಾನುವಾರ. ಬಿದ್ದ ಹಾಳೆಯನ್ನು ಮಗುಚಿ ಹಾಕುವುದು, ತಟ್ಟೆಯವರಿಗೆ ಕೊಡುವ ಹಾಳೆಯನ್ನು ಸೂರಿನಡಿ ಅಟ್ಟಿ ಇಡುವುದು, ಅಳಿಲು ತೂತು ಮಾಡಿದ ಕೊಕ್ಕೋ ಕೋಡನ್ನು ಕೊಯ್ದು ಹೂಳುವುದು, ರಬ್ಬರಿನ ಗೆರಟೆ ಬೋರಲು ಹಾಕುವುದು. ಬಿದಿರಿನ ಮೋಟಿಗೆ ಮಣ್ಣು ತುಂಬಿ ಬಿಟ್ಟೆ. ಈ ಸೊಳ್ಳೆ ಸಾಮಾನ್ಯವಾಗಿ ಇನ್ನೂರು ಮೀಟರಿನಾಚೆ ಹಾರುವುದಿಲ್ಲ, ಹಾಗಾಗಿ ಮೊದಲು ಮನೆಯ ಸುತ್ತು, ಪುರಸೊತ್ತಿದ್ದರೆ ದೂರದ್ದು. ಪಕ್ಕದ ತೋಟದವರು ಮೊದಲು ನಕ್ಕರು.

2024ರಲ್ಲಿ ರಾಜ್ಯವಿಡೀ ಡೆಂಗಿ ಜೋರಾಗಿ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಸಾರಿದ ಮಳೆಗಾಲ, ಅದೇ ಪಕ್ಕದ ಮನೆಯ ಹುಡುಗನಿಗೆ ಜ್ವರ ಬಂತು. ನಾಲ್ಕನೇ ದಿನ ಜ್ವರ ಬಿಟ್ಟಿತೆಂದು ಗಂಜಿ ಕೊಟ್ಟು ನೆಮ್ಮದಿಯಾಗಿದ್ದರು. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿದ ಮೇಲೆ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು. ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟು. ಹುಡುಗನ ಅಮ್ಮ ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ತಟ್ಟಿದಳು, ನನ್ನ ಜೀಪಿನಲ್ಲೇ ಒಯ್ದೆವು. ಆರು ದಿನ ಇದ್ದು ಬಂದ. ಮನೆಯಲ್ಲಿ ಉಳಿದವರಿಗೆ ತಾಗಲಿಲ್ಲ. ಜ್ವರ ಬಂದ ಮೊದಲ ದಿನವೇ ಅವನನ್ನು ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿದ್ದರು. ಜ್ವರದವನನ್ನು ಕಚ್ಚದೆ ಸೊಳ್ಳೆಗೆ ವೈರಸ್ ಸಿಗುವುದು ಹೇಗೆ?

ಈಗ ಭಾನುವಾರ ಆ ಮನೆಯವರೂ ಹಾಳೆ ಮಗುಚುತ್ತಾರೆ. ನಮ್ಮ ಗಡಿಯ ತೋಡಿನ ಹತ್ತಿರ ಇಬ್ಬರೂ ಎದುರಾಗುತ್ತೇವೆ. ಹೋದ ವಾರ ಅವರ ಕಡೆ ಮೂರು ಹಾಳೆಯಲ್ಲಿ ಹುಳ ಸಿಕ್ಕಿತಂತೆ, ನಮ್ಮ ಕಡೆ ಐದರಲ್ಲಿ.