ಆಲೆಮನೆ ಒಲೆಯ ದುರಸ್ತಿ: ಖರ್ಚನ್ನು ಲೆಕ್ಕ ಹಾಕುವ ಬಗೆ

ಮಂಡ್ಯ, ಮೈಸೂರು ಸೀಮೆಯಲ್ಲಾಗಲಿ, ಮಹಾಲಿಂಗಪುರ, ಮುಧೋಳದ ಕಡೆಯಲ್ಲಾಗಲಿ, ಆಲೆಮನೆ ನಡೆಸುವ ರೈತರು ಗಾಣದ ವಿಷಯದಲ್ಲಿ ಬಹಳ ಜಾಗರೂಕರು. ಗಾಣದ ಉರುಳೆ ಸವೆದರೆ, ಮೋಟಾರು ಬಿಸಿಯಾದರೆ ಅದೇ ದಿನ ರಿಪೇರಿಯವರನ್ನು ಕರೆಸುತ್ತಾರೆ. ಒಲೆಯ ವಿಷಯದಲ್ಲಿ ಹಾಗಲ್ಲ. ಒಲೆಯ ಗೋಡೆ ಸೀಳು ಬಿಟ್ಟರೂ ಬೆಂಕಿ ಉರಿಯುತ್ತದೆ, ಕಂಬಿ ಬಾಗಿದರೂ ಉರಿಯುತ್ತದೆ. ಆದ್ದರಿಂದ ಈ ಹಂಗಾಮು ಕಳೆಯಲಿ, ಆಮೇಲೆ ನೋಡೋಣ ಎಂದು ಮುಂದೂಡುವುದೇ ವಾಡಿಕೆ. ಕೆಟ್ಟ ಒಲೆಯಿಂದಾಗುವ ನಷ್ಟ ಒಂದೇ ದಿನದಲ್ಲಿ ಕಾಣುವುದಿಲ್ಲ. ಅದು ದಿನವೂ ಸ್ವಲ್ಪ ಸ್ವಲ್ಪವಾಗಿ ಸೌದೆಯ ಲೆಕ್ಕದಲ್ಲಿ ಸೇರಿ ಹೋಗುತ್ತದೆ. ದುರಸ್ತಿಗೆ ಎಷ್ಟು ಖರ್ಚಾದೀತು ಎಂದು ಕೇಳುವ ಮೊದಲು ದುರಸ್ತಿ ಮಾಡದಿದ್ದರೆ ಎಷ್ಟು ಖರ್ಚಾಗುತ್ತಿದೆ ಎಂಬುದನ್ನು ತಿಳಿಯುವುದು ಅಗತ್ಯ.

ಉರುವಲಿನ ಲೆಕ್ಕ

ಗಾಣದಲ್ಲಿ 100 ಭಾಗ ಕಬ್ಬಿಗೆ 60 ಭಾಗ ರಸ ಬರುವುದೆಂದು ಇಟ್ಟುಕೊಳ್ಳೋಣ. ಆಗ 1 ಟನ್ ಕಬ್ಬಿನಿಂದ 600 ಕಿ.ಗ್ರಾಂ. ರಸವೂ 400 ಕಿ.ಗ್ರಾಂ. ಹಸಿ ಸಿಪ್ಪೆಯೂ ದೊರೆಯುತ್ತವೆ. ರಸದಿಂದ ಸುಮಾರು 100 ಕಿ.ಗ್ರಾಂ. ಬೆಲ್ಲ ಬರಬೇಕಾದರೆ 500 ಕಿ.ಗ್ರಾಂ. ನೀರನ್ನು ಆವಿ ಮಾಡಬೇಕು. ಕುದಿಯುವ 1 ಕಿ.ಗ್ರಾಂ. ನೀರನ್ನು ಆವಿ ಮಾಡಲು 540 ಕಿಲೋ ಕ್ಯಾಲೊರಿ ಶಾಖ ಬೇಕು. ರಸವನ್ನು ಕುದಿಯುವ ಮಟ್ಟಕ್ಕೆ ತರುವ ಶಾಖವನ್ನೂ ಸೇರಿಸಿದರೆ ಟನ್ ಕಬ್ಬಿಗೆ ಸುಮಾರು 3.1 ಲಕ್ಷ ಕಿಲೋ ಕ್ಯಾಲೊರಿ ಆಗುತ್ತದೆ.

ಹಸಿ ಸಿಪ್ಪೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಚೆನ್ನಾಗಿ ಒಣಗಿಸಿದ ಮೇಲೆ ಸುಮಾರು 200 ಕಿ.ಗ್ರಾಂ. ಉಳಿಯುತ್ತದೆ. ಅಂಥ ಒಣ ಸಿಪ್ಪೆ ಕಿ.ಗ್ರಾಂ.ಗೆ 3,500ರಷ್ಟು ಕಿಲೋ ಕ್ಯಾಲೊರಿ ಕೊಡುವುದೆಂದರೆ ಒಟ್ಟು 7 ಲಕ್ಷ. ಅಂದರೆ ಒಲೆಯಲ್ಲಿ ಹುಟ್ಟಿದ ಶಾಖದ 100 ಪಾಲಿನಲ್ಲಿ 45 ಪಾಲು ಕೊಪ್ಪರಿಗೆಗೆ ತಲುಪಿದರೆ ಮಾತ್ರ ಸ್ವಂತ ಸಿಪ್ಪೆಯಲ್ಲೇ ಬೆಲ್ಲ ಕಾಯಿಸಬಹುದು. ಉಳಿದದ್ದು ಗೋಡೆಯ ಬಿರುಕಿನಿಂದ, ಕೊಪ್ಪರಿಗೆಯ ಅಂಚಿನಿಂದ, ಚಿಮಣಿಯಿಂದ ಹೊರಟುಹೋದರೆ ಕೊರತೆಯನ್ನು ಕೊಂಡ ಸೌದೆಯಿಂದ ತುಂಬಬೇಕಾಗುತ್ತದೆ.

ಒಂದು ಉದಾಹರಣೆ ನೋಡೋಣ. ದಿನಕ್ಕೆ 5 ಟನ್ ಕಬ್ಬು ಅರೆಯುವ ಆಲೆಮನೆಯ ಒಲೆ ಕೆಟ್ಟು, ಟನ್ನಿಗೆ 40 ಕಿ.ಗ್ರಾಂ. ಸೌದೆ ಹೆಚ್ಚಾಗಿ ಬೇಕಾಯಿತೆಂದು ಭಾವಿಸಿರಿ. ದಿನಕ್ಕೆ 200 ಕಿ.ಗ್ರಾಂ.; 100 ದಿನಕ್ಕೆ 20 ಟನ್. ಸೌದೆಗೆ ಕಿ.ಗ್ರಾಂ.ಗೆ 4 ರೂಪಾಯಿ ಎಂದಿಟ್ಟುಕೊಂಡರೂ 80 ಸಾವಿರ ರೂಪಾಯಿ. ತಮ್ಮ ಊರಿನ ದರವನ್ನು ಹಾಕಿ ರೈತರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ದೋಷವನ್ನು ಗುರುತಿಸುವುದು

1. ಒಲೆಯ ಬಾಯಿಂದ ಹೊಗೆ ಹಿಂದಕ್ಕೆ ಬರುತ್ತಿದ್ದರೆ ಹೊಗೆದಾರಿಯಲ್ಲಿ ಬೂದಿ ಕಟ್ಟಿದೆ ಅಥವಾ ಚಿಮಣಿ ಸೀಳಿದೆ ಎಂದು ತಿಳಿಯಬೇಕು.

2. ಚಿಮಣಿಯಿಂದ ಸದಾ ಕಪ್ಪು ಹೊಗೆ ಬರುತ್ತಿದ್ದರೆ ಬೆಂಕಿಗೆ ಗಾಳಿ ಸಾಲದು. ಬೂದಿಗುಂಡಿ ತುಂಬಿರಬಹುದು, ಇಲ್ಲವೇ ಸಿಪ್ಪೆಯನ್ನು ಒಮ್ಮೆಲೇ ಹೆಚ್ಚಾಗಿ ತುರುಕುತ್ತಿರಬಹುದು.

3. ಒಲೆ ಉರಿಯುವಾಗ ಹೊತ್ತಿಸಿದ ಊದುಬತ್ತಿಯನ್ನು ಹೊಗೆದಾರಿಯ ಗೋಡೆ ಮತ್ತು ಚಿಮಣಿಯ ಬುಡದ ಸುತ್ತ ಹಿಡಿದು ನೋಡಿರಿ. ಹೊಗೆ ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆಯೋ ಅಲ್ಲಿ ಸೀಳು ಇದೆ. ಅಲ್ಲಿಂದ ನುಗ್ಗುವ ತಣ್ಣನೆಯ ಗಾಳಿ ಚಿಮಣಿಯ ಸೆಳೆತವನ್ನು ಕುಗ್ಗಿಸುತ್ತದೆ.

4. ರಾತ್ರಿ ದೀಪ ಆರಿಸಿ ನೋಡಿದಾಗ ಕೊಪ್ಪರಿಗೆಯ ಅಂಚಿನಲ್ಲಿ ಉರಿ ಇಣುಕಿದರೆ ಕೊಪ್ಪರಿಗೆ ಸರಿಯಾಗಿ ಕುಳಿತಿಲ್ಲ.

5. ಹಿಂದಿನಷ್ಟೇ ರಸಕ್ಕೆ ಪಾಕ ಬರಲು ಹೆಚ್ಚು ಹೊತ್ತು ಹಿಡಿದರೆ ಕೊಪ್ಪರಿಗೆಯ ತಳದ ಮಸಿಯನ್ನೂ ಒಳಗಿನ ಕರಕನ್ನೂ ಮೊದಲು ಕೆರೆದು ತೆಗೆಯಬೇಕು. ಇದಕ್ಕೆ ಖರ್ಚೇ ಇಲ್ಲ.

ದುರಸ್ತಿಯಲ್ಲಿ ಮೂರು ತರಗತಿ

ಮೊದಲನೆಯದು ಮನೆಯವರೇ ಮಾಡಿಕೊಳ್ಳುವ ಕೆಲಸ: ಬೂದಿ ತೆಗೆಯುವುದು, ಹೊಗೆದಾರಿ ಗುಡಿಸುವುದು, ಅಂಚಿಗೆ ಮಣ್ಣು ಮೆತ್ತುವುದು. ಇದನ್ನು ತಪ್ಪದೆ ಮಾಡಿದರೆ ಮುಂದಿನ ದೊಡ್ಡ ಖರ್ಚು ಎಷ್ಟೋ ತಗ್ಗುತ್ತದೆ. ಬೂದಿಗುಂಡಿ ಖಾಲಿ ಇದ್ದರೆ ಕೆಳಗಿನಿಂದ ಬರುವ ಗಾಳಿ ಕಂಬಿಗಳನ್ನು ತಂಪಾಗಿಡುತ್ತದೆ. ಗುಂಡಿ ತುಂಬಿದರೆ ಕಂಬಿ ಕೆಂಪಗೆ ಕಾದು ಬಾಗುತ್ತದೆ.

ಎರಡನೆಯದು ಭಾಗಗಳನ್ನು ಬದಲಾಯಿಸುವ ಕೆಲಸ. ಕಂಬಿಗೆ ಸಾಮಾನ್ಯ ಕಬ್ಬಿಣದ ಸರಳಿಗಿಂತ ಬೀಡುಕಬ್ಬಿಣದ ಕಂಬಿ ಹೆಚ್ಚು ಕಾಲ ಬಾಳುತ್ತದೆ. ಕಾದಾಗ ಹಿಗ್ಗಲು ತುದಿಯಲ್ಲಿ ಸ್ವಲ್ಪ ಸಂದು ಬಿಡಬೇಕು. ಉರಿ ನೇರವಾಗಿ ತಾಕುವ ಕಡೆ ಬೆಂಕಿ ತಾಳುವ ಇಟ್ಟಿಗೆಯನ್ನೇ, ಅಂದರೆ ಫೈರ್ ಬ್ರಿಕ್ಕನ್ನೇ ಕಟ್ಟಿಸಬೇಕು. ಉಳಿದ ಕಡೆ ಊರಿನ ಇಟ್ಟಿಗೆ ಸಾಕು. ಇಟ್ಟಿಗೆಯನ್ನು ಫೈರ್ ಕ್ಲೇ ಮಣ್ಣಿನಿಂದ, 2-3 ಮಿ.ಮೀ. ತೆಳುವಾದ ಸಂದು ಬಿಟ್ಟು ಕೂರಿಸಬೇಕು. ಉರಿ ತಾಕುವ ಕಡೆ ಸಾಮಾನ್ಯ ಸಿಮೆಂಟ್ ಗಾರೆ ಸಲ್ಲದು. ಕಾಯುವುದು, ಆರುವುದು ಪದೇ ಪದೇ ಆದಾಗ ಅದು ಸಡಿಲವಾಗಿ ಉದುರುತ್ತದೆ. ಸಿಮೆಂಟ್ ತೇಪೆ ಅಗ್ಗವೆಂದು ಕಂಡರೂ ಕೂಲಿ ಎರಡು ಸಲ ತೆರಬೇಕಾಗುತ್ತದೆ.

ಮೂರನೆಯದು ಹೊಸದಾಗಿ ಕಟ್ಟುವ ಕೆಲಸ. ತಳಪಾಯ ಕುಸಿದಿದ್ದರೆ, ಗೋಡೆ ವಾಲಿದ್ದರೆ ಅಥವಾ ಚಿಮಣಿ ಒರಗಿದ್ದರೆ ತೇಪೆಗೆ ಹಾಕಿದ ಹಣ ದಂಡ. ಇಂಥ ಒಲೆಯನ್ನು ಕಿತ್ತು ಕಟ್ಟಿಸುವುದೇ ಲೇಸು. ಹಳೆಯ ಫೈರ್ ಬ್ರಿಕ್ಕಿನಲ್ಲಿ ಒಡೆಯದೆ ಉಳಿದವನ್ನು ಆರಿಸಿ ಮತ್ತೆ ಬಳಸಬಹುದು.

ಯಾವಾಗ ಮಾಡಿಸಬೇಕು?

ಕಬ್ಬು ಕಡಿದ ಮೇಲೆ ಒಲೆ ಕುಸಿದರೆ ನಷ್ಟ ದುರಸ್ತಿಗೇ ನಿಲ್ಲುವುದಿಲ್ಲ. ಕಡಿದ ಕಬ್ಬನ್ನು ಸಾಧ್ಯವಾದಷ್ಟು 24 ಗಂಟೆಯೊಳಗೆ ಅರೆಯಬೇಕು. ಇಟ್ಟಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶ ಒಡೆಯುತ್ತದೆ, ಬೆಲ್ಲ ಗಟ್ಟಿಯಾಗಿ ಅಚ್ಚು ಹಿಡಿಯುವುದಿಲ್ಲ. ಆದ್ದರಿಂದ ಸಿಪ್ಪೆ ಒಣಗದೆ ಕೆಲಸ ಮಂದವಾಗುವ ಮಳೆಗಾಲದ ದಿನಗಳನ್ನೇ ದುರಸ್ತಿಗೆ ಆರಿಸಿಕೊಳ್ಳುವುದು ಉತ್ತಮ. ಒಲೆ ಪೂರ್ತಿ ಆರುವವರೆಗೆ, ಕನಿಷ್ಠ ಎರಡು ದಿನ, ಯಾರೂ ಒಳಗೆ ಇಳಿಯಕೂಡದು. ಇಟ್ಟಿಗೆ ಕೀಳುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಅವಶ್ಯ.

ಮೇಸ್ತ್ರಿಯೊಡನೆ ಒಪ್ಪಂದ

ಒಟ್ಟು ಇಷ್ಟು ರೂಪಾಯಿ ಎಂಬ ಬಾಯಿಮಾತಿಗೆ ಒಪ್ಪಬೇಡಿರಿ. ಫೈರ್ ಬ್ರಿಕ್ ಎಷ್ಟು, ಮಣ್ಣು ಎಷ್ಟು ಚೀಲ, ಕಂಬಿಯ ತೂಕ ಎಷ್ಟು, ಎಷ್ಟು ಆಳು ಎಷ್ಟು ದಿನ ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಸಾಮಾನನ್ನು ಯಾರು ತರಬೇಕು, ಸಾಗಣೆ ಯಾರದು, ಕಿತ್ತ ಹಳೆಯ ಕಬ್ಬಿಣ ಯಾರಿಗೆ ಎಂಬುದೂ ಅದರಲ್ಲಿರಲಿ. ಇಬ್ಬರು ಮೇಸ್ತ್ರಿಗಳಿಂದ ಅಂದಾಜು ಪಡೆದರೆ ಹೋಲಿಸಿ ನೋಡಬಹುದು. ಕೂಲಿಯ ಒಂದು ಪಾಲನ್ನು ಒಲೆ ಹೊತ್ತಿಸಿ ಮೂರು ನಾಲ್ಕು ಪಾಕ ಇಳಿಸಿದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿರಿ.

ದುರಸ್ತಿಯ ನಂತರ

ಹೊಸ ಕಟ್ಟಡಕ್ಕೆ ಕೂಡಲೇ ಜೋರು ಉರಿ ಹಾಕಿದರೆ ಒಳಗಿನ ತೇವ ಆವಿಯಾಗಿ ಇಟ್ಟಿಗೆಯನ್ನು ಸೀಳುತ್ತದೆ. ಮೊದಲು ನೆರಳಿನಲ್ಲಿ ಆರಲು ಬಿಟ್ಟು, ಬಳಿಕ 2-3 ದಿನ ಸಣ್ಣ ಉರಿ ಹಾಕಿ ಮೆಲ್ಲಗೆ ಹೆಚ್ಚಿಸಬೇಕು. ಕೊಪ್ಪರಿಗೆಯಲ್ಲಿ ನೀರಾಗಲಿ ರಸವಾಗಲಿ ಇಲ್ಲದೆ ಉರಿ ಹಾಕಕೂಡದು.

ಉರುವಲು ಸಾಲದಾದಾಗ ಹಳೆಯ ಟೈರು, ಪ್ಲಾಸ್ಟಿಕ್ ಸುಡುವ ಅಭ್ಯಾಸ ಕೆಲವೆಡೆ ಇದೆ. ಟೈರಿನ ಗಂಧಕವೂ ಕೆಲವು ಬಗೆಯ ಪ್ಲಾಸ್ಟಿಕ್ಕಿನಿಂದ ಬರುವ ಆಮ್ಲವೂ ಕೊಪ್ಪರಿಗೆಯನ್ನೂ ಕಬ್ಬಿಣದ ಚಿಮಣಿಯನ್ನೂ ತಿನ್ನುತ್ತವೆ. ಆ ಹೊಗೆಯನ್ನು ಉಸಿರಾಡುವವರು ಒಲೆಯ ಮುಂದೆ ಕುಳಿತ ಆಳು ಮತ್ತು ನೆರೆಯ ಮನೆಯ ಮಕ್ಕಳು. ಹೀಗೆ ಉಳಿಸಿದ ಹಣ ಉಳಿತಾಯವಲ್ಲ. ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ, ಮಳೆಗೆ ನೆನೆಯದಂತೆ ಒಟ್ಟಿ, ಒಲೆಯ ಸೀಳನ್ನು ಮುಚ್ಚುವುದೇ ಸರಿಯಾದ ದಾರಿ.

ಹೊಸ ಒಲೆ ಕಟ್ಟಿಸಬೇಕೆಂದಿರುವವರು ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ಅಥವಾ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮುಂದುವರಿಯಬಹುದು. ಅದಕ್ಕೆ ಮುಂಚೆ ಒಂದು ವಾರ ದಿನವೂ ಅರೆದ ಕಬ್ಬು, ಇಳಿದ ಬೆಲ್ಲ ಮತ್ತು ಸುಟ್ಟ ಸೌದೆಯ ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ದುರಸ್ತಿಯಾದ ಮೇಲೆ ಮತ್ತೊಂದು ವಾರ ಬರೆಯಿರಿ. ಹಾಕಿದ ಹಣ ಎಷ್ಟು ದಿನಕ್ಕೆ ಹಿಂದಿರುಗುವುದೆಂದು ಆ ಎರಡು ಪುಟಗಳೇ ಹೇಳುತ್ತವೆ.