ತಾಜ್ ಮಹಲ್ ನೋಡಿ ಮನಸೋತವಳ ಮನೆ

ಮದುವೆಯಾದ ಹೊಸತರಲ್ಲಿ ಆಗ್ರಾಕ್ಕೆ ಹೋದವರು ಏನು ತರ್ತಾರೆ, ಹೇಳಿ? ಅಂಗೈಯಗಲದ ಒಂದು ತಾಜ್ ಮಹಲ್, ಒಂದು ಡಬ್ಬಿ ಪೇಠಾ, ಗಂಡನ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ. 1935ರಲ್ಲಿ ಮಧುಚಂದ್ರಕ್ಕೆಂದು ಲೋಕ ಸುತ್ತುತ್ತಾ ಬಂದ ಅಮೆರಿಕದ ಡೋರಿಸ್ ಡ್ಯೂಕ್‌ಗೆ ಇಷ್ಟು ಸಾಲಲಿಲ್ಲ. ತಾಜ್ ಕಂಡು ಬೆರಗಾದ ಆಕೆ, ಅಂಥದೇ ಅಮೃತಶಿಲೆಯ ಕೆಲಸವಿರುವ ಮಲಗುವ ಕೋಣೆ, ಬಚ್ಚಲುಮನೆ ತನಗೂ ಬೇಕೆಂದು ಆರ್ಡರ್ ಕೊಟ್ಟೇಬಿಟ್ಟಳು! ಅದೇ ಪ್ರವಾಸದಲ್ಲಿ ಗಾಂಧೀಜಿಯವರನ್ನೂ ಕಂಡಳು ಅನ್ನಿ. ಖಾದಿಯ ಮಹಾತ್ಮ, ಅಮೃತಶಿಲೆಯ ಬಚ್ಚಲು, ಎರಡೂ ಒಂದೇ ಪ್ರವಾಸದಲ್ಲಿ!

ದುಡ್ಡಿಗೇನು ಕೊರತೆ? ತಂದೆ ಜೇಮ್ಸ್ ಡ್ಯೂಕ್ ಹೊಗೆಸೊಪ್ಪು, ವಿದ್ಯುತ್ ಉದ್ಯಮಗಳಲ್ಲಿ ಕೋಟಿಗಟ್ಟಲೆ ಗಳಿಸಿದ್ದರು. 1925ರಲ್ಲಿ ಅವರು ತೀರಿಕೊಂಡಾಗ ಒಬ್ಬಳೇ ಮಗಳಿಗೆ 12 ವರ್ಷ. ‘ಪ್ರಪಂಚದ ಅತಿ ಶ್ರೀಮಂತ ಹುಡುಗಿ’ ಎಂದು ಪತ್ರಿಕೆಯವರು ಬೆನ್ನು ಹತ್ತಿದರು. ಆಸ್ತಿಯ ವಿಷಯಕ್ಕೆ ಹದಿಹರೆಯದಲ್ಲೇ ಹೆತ್ತ ತಾಯಿಯ ಮೇಲೆ ಕೋರ್ಟಿಗೆ ಹೋಗಬೇಕಾಯಿತು. ಅಂಥ ಸಿರಿತನ ಯಾರಿಗೆ ಬೇಕು ಅನ್ನಿಸುತ್ತದೆ ಅಲ್ಲವೇ?

ತಮಾಷೆ ನೋಡಿ, ಬಚ್ಚಲು ಮೊದಲು, ಮನೆ ಆಮೇಲೆ! ದೆಹಲಿಯಲ್ಲಿದ್ದ ಬ್ಲೋಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದರು. ಆಗ್ರಾದ ಕುಶಲಕರ್ಮಿಗಳು ಬಿಳಿ ಕಲ್ಲಿನಲ್ಲಿ ಜಾಲಂಧ್ರ ಕೊರೆದು, ಬಣ್ಣದ ಕಲ್ಲುಗಳನ್ನು ಕೂರಿಸಿ ಹೂಬಳ್ಳಿ ಮೂಡಿಸಿದರು. ಫ್ಲಾರಿಡಾದಲ್ಲಿ ಮನೆ ಮಾಡುವ ಯೋಚನೆಯಿತ್ತು. ಆದರೆ ಪ್ರವಾಸದ ಕೊನೆಗೆ ಹವಾಯಿ ದ್ವೀಪ ಕಂಡ ಮೇಲೆ ಮನಸ್ಸು ಅಲ್ಲೇ ನಿಂತಿತು. ಹೊನೊಲುಲುವಿನ ಕಡಲಂಚಿನಲ್ಲಿ, ಸುಮಾರು ಐದು ಎಕರೆ ಜಾಗದಲ್ಲಿ ಮನೆ ಎದ್ದಿತು. 1938ರ ಕ್ರಿಸ್‌ಮಸ್ ಹೊತ್ತಿಗೆ ವಾಸವೂ ಶುರುವಾಯಿತು. ಹೆಸರು ‘ಶಾಂಗ್ರಿ-ಲಾ’. ಕಾದಂಬರಿಯೊಂದರಲ್ಲಿ ಬರುವ, ಮುಪ್ಪೇ ಸುಲಭಕ್ಕೆ ಸುಳಿಯದ ಕಣಿವೆಯ ಹೆಸರದು.

ಹೊರಗಿನಿಂದ ಬರೀ ಬಿಳಿ ಗೋಡೆ. ಒಳಗೆ ಹೋದರೆ ಇರಾನಿನ ಬಣ್ಣದ ಬಿಲ್ಲೆಗಳು, ಮೊರಾಕ್ಕೊದ ಕೆತ್ತನೆಯ ಮರದ ಚಾವಣಿ, ಲಾಹೋರಿನ ಶಾಲಿಮಾರ್ ಮಾದರಿಯ ತೋಟ. ನಡುಮನೆಯ ಗಾಜಿನ ಗೋಡೆಯಂತೂ ಗುಂಡಿ ಒತ್ತಿದರೆ ನೆಲದೊಳಕ್ಕೆ ಇಳಿದು, ಕಡಲೇ ಮನೆಯೊಳಗೆ ಬಂದ ಹಾಗಾಗುತ್ತಿತ್ತು. ಆ ಜಾಲಂಧ್ರದ ಧೂಳು ಹೊಡೆಯುವವರ ಪಾಡೇನು ಅಂತ ನಮಗಲ್ಲದೆ ಇನ್ಯಾರಿಗೆ ಹೊಳೆದೀತು!

ಆದರೆ ಕೋಣೆ ಉಳಿದಷ್ಟು ಕಾಲ ಸಂಸಾರ ಉಳಿಯಲಿಲ್ಲ. 1940ರಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು ಒಂದೇ ದಿನ ಬದುಕಿತು. 1943ರಲ್ಲಿ ವಿಚ್ಛೇದನವಾಯಿತು. ಮಧುಚಂದ್ರದ ಗುರುತಾಗಿ ಮಾಡಿಸಿದ ಆ ಕೋಣೆಯನ್ನು ಡೋರಿಸ್ ಕೀಳಿಸಲಿಲ್ಲ, ಮನೆಯನ್ನು ಮಾರಲೂ ಇಲ್ಲ. ಐವತ್ತು ವರ್ಷ ಮೀರಿ ಹಂಚು, ಜಮಖಾನೆ, ದೀಪ, ಬಾಗಿಲು ಅಂತ ಒಂದೊಂದೇ ತಂದು ಕೂಡಿಸುತ್ತಲೇ ಹೋದಳು. ಮಕ್ಕಳ ಕೈಗೆ ಕೊಡೋಣವೆಂದರೆ ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ಇರಲಿಲ್ಲ. ಇಸ್ಲಾಮೀ ಕಲೆಯ ಅಭ್ಯಾಸಕ್ಕೆ ಮನೆ ಒದಗಲಿ ಎಂದು ಉಯಿಲು ಬರೆದಿಟ್ಟು, 1993ರಲ್ಲಿ ತೀರಿಕೊಂಡಳು.

2002ರಲ್ಲಿ ಶಾಂಗ್ರಿ-ಲಾದ ಬಾಗಿಲು ಎಲ್ಲರಿಗೂ ತೆರೆಯಿತು. ಆಗ್ರಾದ ಕಲ್ಲಿನ ಆ ಮಲಗುವ ಕೋಣೆಯನ್ನು ಮಾತ್ರ ದುರಸ್ತಿ ಮಾಡಿ ತೋರಿಸಲು ಇನ್ನೂ ಕೆಲವು ವರ್ಷ ಹಿಡಿಯಿತು.