ಒಡೆಯನಿಲ್ಲದ ಹರಟೆಕಟ್ಟೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಸಂಜೆಯಾಯಿತೆಂದರೆ ಅಗಸಿಯ ಬಳಿಯೋ ಗುಡಿಯ ಮುಂದೆಯೋ ಇರುವ ಕಟ್ಟೆ ತುಂಬುತ್ತದೆ. ಮಳೆ, ಗೋವಿನಜೋಳದ ದರ, ಯಾರದೋ ಮನೆಯ ಮದುವೆ, ಚುನಾವಣೆ ಎಲ್ಲವೂ ಅಲ್ಲಿ ಮಾತಿಗೆ ಬರುತ್ತವೆ. ಅಲ್ಲಿಗೆ ಯಾರು ಬೇಕಾದರೂ ಬಂದು ಕೂರಬಹುದು, ಬೇಡವೆನಿಸಿದಾಗ ಎದ್ದು ಹೋಗಬಹುದು. ತಡವಾಗಿ ಬಂದವನಿಗೆ ಹಿಂದೆ ಆಡಿದ ಮಾತು ಸಿಗುವುದಿಲ್ಲ. ಅತಿಯಾಗಿ ಗದ್ದಲ ಮಾಡಿದವನನ್ನು ಹಿರಿಯರು ಗದರಿ ಎಬ್ಬಿಸುತ್ತಾರೆ. ಬರೆದಿಟ್ಟ ಕಾನೂನಿಲ್ಲದಿದ್ದರೂ ಕಟ್ಟೆಗೆ ತನ್ನದೇ ಆದ ಕ್ರಮವಿದೆ.

ಇಂಥ ಕಟ್ಟೆಯೊಂದನ್ನು ಗಣಕಯಂತ್ರಗಳ ನಡುವೆ ಕಟ್ಟಿದವರು ಫಿನ್‌ಲೆಂಡಿನ ಯಾರ್ಕೊ ಒಯಿಕಾರಿನೆನ್. 1988ರ ಆಗಸ್ಟ್‌ನಲ್ಲಿ, ಔಲು ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ಕೆಲಸಕ್ಕಿದ್ದಾಗ, ಅವರು ಬರೆದ ತಂತ್ರಾಂಶದ ಹೆಸರು ‘ಇಂಟರ್ನೆಟ್ ರಿಲೇ ಚಾಟ್’, ಚಿಕ್ಕದಾಗಿ ಐಆರ್‌ಸಿ. ಅದರಲ್ಲಿ ಚಿತ್ರವಿಲ್ಲ, ದನಿಯಿಲ್ಲ; ಬರಿಯ ಅಕ್ಷರ. ಒಬ್ಬರು ಬರೆದ ಸಾಲು ಆ ಕ್ಷಣವೇ ಗುಂಪಿನ ಎಲ್ಲರ ಪರದೆಯ ಮೇಲೆ ಮೂಡುತ್ತದೆ. ಇಂದು ಮೊಬೈಲಿನ ಗುಂಪುಗಳಲ್ಲಿ ಮುಳುಗಿರುವ ಅನೇಕರು ಈ ಹೆಸರನ್ನು ಕೇಳಿರಲಾರರು. ಆದರೆ ಗುಂಪು, ಗುಂಪಿಗೊಬ್ಬ ಅಡ್ಮಿನ್, ತಂಟೆಕೋರರನ್ನು ಹೊರಹಾಕುವ ಅಧಿಕಾರ ಇವೆಲ್ಲ ಐಆರ್‌ಸಿಯಲ್ಲಿ ಆಗಲೇ ಇದ್ದವು. ಅದು ಇಂದಿಗೂ ನಡೆಯುತ್ತಿದೆ.

ನಾಲ್ಕು ಊರು, ಒಂದು ಜಾಲ

‘ರಿಲೇ’ ಎಂದರೆ ಕೈಯಿಂದ ಕೈಗೆ ದಾಟಿಸುವುದು. ಹಿಂದಿನ ಕಾಲದ ಅಂಚೆಯ ಓಟಗಾರ ತನ್ನ ಗಡಿಯವರೆಗೆ ಚೀಲ ಹೊತ್ತು ಓಡಿ ಮುಂದಿನವನಿಗೆ ಒಪ್ಪಿಸುತ್ತಿದ್ದ ಹಾಗೆ. ಇದನ್ನು ತಿಳಿಯಲು ಒಂದು ಕಲ್ಪನೆ ಮಾಡಿಕೊಳ್ಳಬಹುದು. ಮೇಲೆ ಹೇಳಿದ ನಾಲ್ಕೂ ಊರುಗಳಲ್ಲಿ ಒಂದೊಂದು ಗಣಕಯಂತ್ರವಿದೆ ಎನ್ನೋಣ. ಮಾತು ಸ್ವೀಕರಿಸಿ ಮುಂದಕ್ಕೆ ದಾಟಿಸುವ ಈ ಯಂತ್ರಕ್ಕೆ ‘ಸರ್ವರ್’ ಎಂದು ಹೆಸರು. ಹಿರೇಕೆರೂರಿನ ಸರ್ವರಿಗೆ ಹಾನಗಲ್ಲಿನ ಕೊಂಡಿ, ಹಾನಗಲ್ಲಿಗೆ ಶಿಗ್ಗಾಂವಿಯ ಕೊಂಡಿ, ಶಿಗ್ಗಾಂವಿಗೆ ಸವಣೂರಿನ ಕೊಂಡಿ. ಪ್ರತಿಯೊಬ್ಬ ಬಳಕೆದಾರನೂ ತನಗೆ ಹತ್ತಿರದ ಒಂದು ಸರ್ವರಿಗೆ ಮಾತ್ರ ಸೇರಿಕೊಳ್ಳುತ್ತಾನೆ.

ಹಿರೇಕೆರೂರಿನ ರೈತನೊಬ್ಬ ‘ಮೆಣಸಿನಕಾಯಿ’ ಎಂಬ ಗುಂಪಿನಲ್ಲಿ ಒಂದು ಸಾಲು ಬರೆಯುತ್ತಾನೆ. ಅದೇ ಗುಂಪಿನ ಇನ್ನೊಬ್ಬ ಸವಣೂರಿನಲ್ಲಿದ್ದಾನೆ. ಸಾಲು ಹಾನಗಲ್ಲನ್ನೂ ಶಿಗ್ಗಾಂವಿಯನ್ನೂ ದಾಟಿ ಸವಣೂರಿನ ಪರದೆಯ ಮೇಲೆ ಮೂಡುತ್ತದೆ. ಸವಣೂರಿನಲ್ಲಿ ಆ ಗುಂಪಿನವರು ಹತ್ತು ಮಂದಿ ಇದ್ದರೂ ಶಿಗ್ಗಾಂವಿಯಿಂದ ಅಲ್ಲಿಗೆ ಹೋಗುವುದು ಒಂದೇ ಪ್ರತಿ. ಹತ್ತು ಮಂದಿಗೆ ಹಂಚುವ ಕೆಲಸ ಸವಣೂರಿನದು. ಆ ಕಡೆ ಗುಂಪಿನವರು ಯಾರೂ ಇಲ್ಲದಿದ್ದರೆ ಸಾಲು ಅತ್ತ ಹೋಗುವುದೇ ಇಲ್ಲ. ದೂರವಾಣಿ ತಂತಿಗಳು ನಿಧಾನವಾಗಿದ್ದ, ಖರ್ಚು ಹೆಚ್ಚಿದ್ದ ಕಾಲದಲ್ಲಿ ಇದು ಜಾಣ ಉಳಿತಾಯವಾಗಿತ್ತು.

ಹಾಗಾದರೆ ಸವಣೂರಿನಿಂದ ಹಿರೇಕೆರೂರಿಗೆ ನೇರವಾಗಿ ಇನ್ನೊಂದು ಕೊಂಡಿ ಏಕೆ ಹಾಕಬಾರದು? ಹಾಕಿದರೆ ಕೊಂಡಿಗಳು ಸುತ್ತುಬಳಸಿ ಬಳೆಯಾಗುತ್ತವೆ. ಒಂದೇ ಮಾತು ಗಾಣದ ಎತ್ತಿನಂತೆ ಸುತ್ತುತ್ತ ಹೋಗುತ್ತದೆ. ಆದ್ದರಿಂದ ಐಆರ್‌ಸಿ ಜಾಲ ಮರದ ಕೊಂಬೆಗಳಂತೆ ಕವಲೊಡೆಯುತ್ತದೆಯೇ ಹೊರತು ಬಳೆಯಾಗುವುದಿಲ್ಲ. ಯಾವ ಎರಡು ಊರುಗಳ ನಡುವೆಯೂ ಇರುವುದು ಒಂದೇ ದಾರಿ.

ಕೊಂಡಿ ಕಳಚಿದಾಗ

ಒಂದೇ ದಾರಿ ಎಂಬುದರ ಕಷ್ಟ ಆ ದಾರಿ ಕಡಿದಾಗ ತಿಳಿಯುತ್ತದೆ. ಹಾನಗಲ್ಲ–ಶಿಗ್ಗಾಂವಿ ಕೊಂಡಿ ಕಳಚಿತೆನ್ನೋಣ. ಆಗ ಜಾಲ ಎರಡು ಹೋಳಾಗುತ್ತದೆ. ಹಿರೇಕೆರೂರಿನವನಿಗೆ ಸವಣೂರಿನ ಗೆಳೆಯರೆಲ್ಲ ಒಮ್ಮೆಲೇ ಎದ್ದು ಹೋದಂತೆ ಕಾಣುತ್ತದೆ. ಸವಣೂರಿನವನಿಗೆ ಹಿರೇಕೆರೂರಿನವರು ಹೋದಂತೆ. ನಿಜದಲ್ಲಿ ಯಾರೂ ಕದಲಿಲ್ಲ. ಪರದೆಯ ಮೇಲೆ ಕೊಂಡಿ ಕಳಚಿದ ಎರಡು ಸರ್ವರುಗಳ ಹೆಸರು ಕಂಡರೆ ಅನುಭವಿಗಳು ಸುಮ್ಮನೆ ಕಾಯುತ್ತಾರೆ. ಇದಕ್ಕೆ ‘ನೆಟ್‌ಸ್ಪ್ಲಿಟ್’ ಎಂಬ ಹೆಸರಿದೆ. ಕೊಂಡಿ ಮತ್ತೆ ಬೆಸೆದಾಗ ಎಲ್ಲರೂ ಒಟ್ಟಿಗೆ ಮರಳುತ್ತಾರೆ.

ಕಿಡಿಗೇಡಿಗಳು ಈ ಬಿರುಕಿಗಾಗಿಯೇ ಕಾಯುತ್ತಿದ್ದುದೂ ಉಂಟು. ಗುಂಪಿಗೆ ಮೊದಲು ಕಾಲಿಟ್ಟವನೇ ಅದರ ಯಜಮಾನ ಎಂಬುದು ಹಳೆಯ ನಿಯಮ. ಜಾಲ ಹೋಳಾದಾಗ ತಮ್ಮ ಭಾಗದಲ್ಲಿ ಖಾಲಿಯಾಗಿ ಉಳಿದ ಗುಂಪಿಗೆ ನುಗ್ಗಿ ಯಜಮಾನಿಕೆ ಪಡೆದು, ಬಿರುಕು ಮುಚ್ಚಿದ ಕೂಡಲೇ ನಿಜವಾದ ಹಿರಿಯರನ್ನು ಹೊರದಬ್ಬುತ್ತಿದ್ದರು. ಮುಂದೆ ಗುಂಪು ಹುಟ್ಟಿದ ಸಮಯವನ್ನು ಹೋಲಿಸಿ ನೋಡುವ ವ್ಯವಸ್ಥೆಯೂ, ಹೆಸರನ್ನು ನೋಂದಾಯಿಸಿ ಗುಪ್ತಪದದಿಂದ ಕಾಯ್ದುಕೊಳ್ಳುವ ಸೇವೆಯೂ ಬಂದು ಈ ಪೀಡೆ ತಗ್ಗಿತು.

ಒಳಗೆ ಹೋಗುವ ದಾರಿ

ಹೊಸಬರಿಗೆ ಬೇಕಾದುದು ಅಂತರ್ಜಾಲ ಸಂಪರ್ಕ ಮತ್ತು ‘ಕ್ಲೈಂಟ್’ ಎನ್ನುವ ಸಣ್ಣ ತಂತ್ರಾಂಶ. 1995ರಲ್ಲಿ ಬಂದ ‘ಎಂಐಆರ್‌ಸಿ’ ವಿಂಡೋಸ್ ಬಳಸುವವರಲ್ಲಿ ಬಹಳ ಜನಪ್ರಿಯವಾಯಿತು. ಇಂದು ಕೆಲವು ಜಾಲಗಳಿಗೆ ಬ್ರೌಸರಿನಿಂದಲೇ ಹೋಗಬಹುದು. ಮೊದಲು ಒಂದು ಅಡ್ಡಹೆಸರು ಆರಿಸಬೇಕು. ಆ ಜಾಲದಲ್ಲಿ ಆ ಹೊತ್ತಿಗೆ ಅದೇ ಹೆಸರಿನ ಇನ್ನೊಬ್ಬರು ಇರಬಾರದು. ಬಳಿಕ ‘ಚಾನೆಲ್’ ಎನ್ನುವ ಗುಂಪನ್ನು ಸೇರಬೇಕು. ಅದರ ಹೆಸರು ಸಾಮಾನ್ಯವಾಗಿ # ಚಿಹ್ನೆಯಿಂದ ಆರಂಭವಾಗುತ್ತದೆ. ಆಜ್ಞೆಗಳ ಮುಂದೆ ಓರೆಗೆರೆ ಇರುತ್ತದೆ: ಸೇರಲು ‘ಜಾಯಿನ್’, ಒಬ್ಬರಿಗೇ ಪಿಸುಗುಡಲು ‘ಎಂಎಸ್‌ಜಿ’, ಗುಂಪು ಬಿಡಲು ‘ಪಾರ್ಟ್’, ಜಾಲದಿಂದಲೇ ಹೊರಡಲು ‘ಕ್ವಿಟ್’. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಓರೆಗೆರೆ ಇಲ್ಲದೆ ಬರೆದದ್ದೆಲ್ಲ ಗುಂಪಿಗೆ ಆಡಿದ ಮಾತು.

ಹೆಸರಿನ ಮುಂದೆ @ ಚಿಹ್ನೆ ಇರುವವರು ಗುಂಪಿನ ಹಿರಿಯರು. ಅವರು ಗದ್ದಲ ಮಾಡಿದವರನ್ನು ಎಬ್ಬಿಸಬಲ್ಲರು, ಮತ್ತೆ ಬಾರದಂತೆ ತಡೆಯಬಲ್ಲರು, ಅಪ್ಪಣೆ ಪಡೆದವರು ಮಾತ್ರ ಮಾತಾಡುವಂತೆ ಮಾಡಬಲ್ಲರು. ಹೊಸಬರು ಸ್ವಲ್ಪ ಹೊತ್ತು ಕೇಳಿಸಿಕೊಂಡು ಆಮೇಲೆ ಬಾಯಿ ತೆರೆಯುವುದು ಲೇಸು. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಪಿಸುಮಾತನ್ನೂ ಓದಬಲ್ಲರು. ಆದ್ದರಿಂದ ಗುಪ್ತಪದ, ಬ್ಯಾಂಕಿನ ವಿವರಗಳನ್ನು ಅಲ್ಲಿ ಬರೆಯಲೇಬಾರದು. ಸಾಮಾನ್ಯವಾಗಿ ಸರ್ವರುಗಳು ಮಾತನ್ನು ಕೂಡಿಡುವುದಿಲ್ಲ ಎಂಬುದು ನಿಜ. ಆದರೆ ಕೇಳಿದವರಲ್ಲಿ ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಉಳಿಸಿಕೊಳ್ಳಬಹುದು. 1991ರ ಕೊಲ್ಲಿ ಯುದ್ಧದ ಕಾಲದಲ್ಲಿ ಮತ್ತು ಅದೇ ವರ್ಷದ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ ಜನ ಐಆರ್‌ಸಿಯಲ್ಲಿ ಸುದ್ದಿ ದಾಟಿಸಿದ ದಾಖಲೆಗಳು ಉಳಿದುಬಂದದ್ದು ಹೀಗೆಯೇ.

ಕನ್ನಡಕ್ಕೆ ಜಾಗವೆಷ್ಟು?

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ ನಿಗಮದ ಮೂಲಕ, ಮಹಾನಗರಗಳಲ್ಲಿ. ಆಗ ಈ ನಾಲ್ಕು ತಾಲ್ಲೂಕುಗಳು ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆ ಕಾಲದ ಅಗ್ಗದ ಸಂಪರ್ಕಗಳಲ್ಲಿ ಪರದೆಯ ಮೇಲೆ ಮೂಡುತ್ತಿದ್ದುದು ಬರಿಯ ಅಕ್ಷರ. ಐಆರ್‌ಸಿಗೆ ಅಷ್ಟೇ ಸಾಕಿತ್ತು. ಆದರೆ ಆ ಅಕ್ಷರ ಕನ್ನಡದ್ದಾಗಿರಲಿಲ್ಲ.

1993ರಲ್ಲಿ ಪ್ರಕಟವಾದ ಐಆರ್‌ಸಿ ನಿಯಮಗಳ ಪ್ರಕಾರ ಅಡ್ಡಹೆಸರಿಗೆ 9 ಅಕ್ಷರಗಳ ಮಿತಿ. ಅದೂ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳು ಮಾತ್ರ. ಅದೇ ನಿಯಮಗಳಲ್ಲಿ ಒಂದು ವಿಚಿತ್ರವಿದೆ: ಬಾಗಿದ ಆವರಣ ಚಿಹ್ನೆಗಳನ್ನು ಚೌಕಾವರಣಗಳ ‘ಸಣ್ಣಕ್ಷರ’ ಎಂದು ಎಣಿಸಲಾಗಿದೆ. ಫಿನ್‌ಲೆಂಡ್, ಸ್ವೀಡನ್ನಿನವರು ಇಂಗ್ಲಿಷಿನಲ್ಲಿಲ್ಲದ ತಮ್ಮ ಅಕ್ಷರಗಳನ್ನು ಆ ಚಿಹ್ನೆಗಳ ಜಾಗದಲ್ಲಿ ಕೂರಿಸಿಕೊಂಡಿದ್ದರು. ಎರಡು ಮೂರು ಅಕ್ಷರಗಳ ಕೊರತೆಯಾದರೆ ಹಾಗೆ ಹೇಗೋ ತೂಗಿಸಬಹುದು. ಇಡೀ ವರ್ಣಮಾಲೆಯೇ ಇಲ್ಲದ ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯತೊಡಗಿದರು. ಅಲ್ಲಿ ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ, ಬಳೆಯೂ ಬಲೆಯೂ ಒಂದೇ. 1998ರಲ್ಲಿ ‘ಬರಹ’, ನಂತರ ‘ನುಡಿ’ ತಂತ್ರಾಂಶಗಳು ಬಂದವು. ಆದರೆ ಆಗಿನ ಪದ್ಧತಿಯಲ್ಲಿ ಓದುವವನ ಯಂತ್ರದಲ್ಲಿಯೂ ಅದೇ ಫಾಂಟ್ ಇರದಿದ್ದರೆ ಪರದೆಯ ಮೇಲೆ ಕಾಣುತ್ತಿದ್ದುದು ಅರ್ಥವಿಲ್ಲದ ಗೀಚು.

ಯೂನಿಕೋಡ್ ಬಳಕೆಗೆ ಬಂದ ಮೇಲೆ ಈ ತೊಡಕು ಬಿಡಿಸಿಕೊಂಡಿತು, ಇನ್ನೊಂದು ಕಂಡಿತು. ಐಆರ್‌ಸಿಯ ಒಂದು ಸಾಲಿಗೆ 512 ಬೈಟ್‌ಗಳ ಮಿತಿ. ಸಾಲಿನ ಕೊನೆಯ ಗುರುತಿಗೆ 2 ಹೋಗಿ ಉಳಿಯುವುದು 510. ಅದರಲ್ಲಿಯೇ ವಿಳಾಸವೂ ಅಡಗಬೇಕು. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಯೂನಿಕೋಡನ್ನು ಸಾಗಿಸುವ ರೂಢಿಯ ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಪ್ರತಿಯೊಂದು ಗುಣಿತದ ಚಿಹ್ನೆಗೂ, ಒತ್ತಕ್ಷರ ಮೂಡಿಸುವ ಗುರುತಿಗೂ 3 ಬೈಟ್ ಬೇಕು. ‘ಸವಣೂರು’ ಎಂದು ಬರೆಯಲು 18, ‘ಹಾನಗಲ್ಲ’ ಎನ್ನಲು 21, ‘ಶಿಗ್ಗಾಂವಿ’ಗೆ 27, ‘ಹಿರೇಕೆರೂರು’ ಎನ್ನಲು 30 ಬೈಟ್‌ಗಳು. ಇಂಗ್ಲಿಷಿನವನು ಮೂರು ಮಾತು ಆಡುವ ಜಾಗದಲ್ಲಿ ಕನ್ನಡಿಗನಿಗೆ ಹೆಚ್ಚುಕಡಿಮೆ ಒಂದು ಮಾತು. ಸಾಲು ಉದ್ದವಾದರೆ ಕಡೆಯ ಅಕ್ಷರ ನಡುವೆಯೇ ತುಂಡಾಗುವುದೂ ಉಂಟು. ಯಂತ್ರದ ನಿಯಮ ಬರೆಯುವಾಗ ಕನ್ನಡದಂಥ ಭಾಷೆಗಳು ಯಾರ ಎಣಿಕೆಯಲ್ಲಿಯೂ ಇರಲಿಲ್ಲ. ಅದರ ಗುರುತು ಇಂದಿಗೂ ಅಳಿದಿಲ್ಲ.

ಎದ್ದು ಹೋದ ಮಂದಿ

ಇಷ್ಟು ತೊಡಕಿದ್ದರೂ ಈ ಹಳೆಯ ವ್ಯವಸ್ಥೆ ಉಳಿದದ್ದೇಕೆ? ಅದರ ನಿಯಮಗಳು ಎಲ್ಲರಿಗೂ ತೆರೆದಿವೆ. ಯಾರು ಬೇಕಾದರೂ ಸರ್ವರ್ ನಡೆಸಬಹುದು. ಒಂದೊಂದು ಜಾಲಕ್ಕೂ ನಡೆಸುವವರಿದ್ದಾರೆ, ಆದರೆ ಇಡೀ ಐಆರ್‌ಸಿಗೆ ಒಬ್ಬ ಒಡೆಯನಿಲ್ಲ. ಜಗಳಗಳೇನೂ ಕಡಿಮೆಯಿರಲಿಲ್ಲ. 1990ರಲ್ಲಿ ‘ಎರಿಸ್’ ಎಂಬ ಸರ್ವರ್ ಯಾರನ್ನೂ ಕೇಳದೆ ಎಲ್ಲ ಸರ್ವರುಗಳಿಗೂ ಬಾಗಿಲು ತೆರೆದಿಟ್ಟಾಗ, ಒಪ್ಪದವರು ಅದನ್ನು ಬಿಟ್ಟು ‘ಎಫ್‌ನೆಟ್’ ಕಟ್ಟಿಕೊಂಡರು. 1992ರಲ್ಲಿ ‘ಅಂಡರ್‌ನೆಟ್’, 1994ರಲ್ಲಿ ‘ಡಾಲ್‌ನೆಟ್’, 1996ರಲ್ಲಿ ‘ಐಆರ್‌ಸಿನೆಟ್’ ಬೇರೆ ಬೇರೆಯಾದವು. ಮನಸ್ತಾಪವಾದರೆ ಪಾಲಾಗಿ ಬೇರೆ ಒಲೆ ಹೂಡುವ ಸ್ವಾತಂತ್ರ್ಯ ಅಲ್ಲಿತ್ತು.

ಅದರ ಬೆಲೆ ತಿಳಿದದ್ದು 2021ರಲ್ಲಿ. ಮುಕ್ತ ತಂತ್ರಾಂಶದ ಕೆಲಸಗಾರರು ನೆಚ್ಚಿಕೊಂಡಿದ್ದ ‘ಫ್ರೀನೋಡ್’ ಜಾಲದ ಹಿಡಿತ ಯಾರದೆಂಬ ವಿವಾದ ಎದ್ದು, ಮೇ 19ರಂದು ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಹೊರಬಂದು ‘ಲಿಬೆರಾ ಚಾಟ್’ ಎಂಬ ಹೊಸ ಜಾಲ ಆರಂಭಿಸಿದರು. ವಿಕಿಮೀಡಿಯ, ಉಬುಂಟು ಮೊದಲಾದ ದೊಡ್ಡ ಸಮುದಾಯಗಳು ಕೆಲವೇ ದಿನಗಳಲ್ಲಿ ಅತ್ತ ಸಾಗಿದವು. ತಂತ್ರಾಂಶ ಅದೇ, ಆಜ್ಞೆಗಳು ಅವೇ. ಬದಲಾದದ್ದು ಸರ್ವರಿನ ವಿಳಾಸ ಮಾತ್ರ. ಯಾಹೂ ಸಂಸ್ಥೆ 2012ರ ಡಿಸೆಂಬರ್‌ನಲ್ಲಿ ತನ್ನ ಸಾರ್ವಜನಿಕ ಚಾಟ್ ಕೊಠಡಿಗಳನ್ನು ಮುಚ್ಚಿದಾಗ ಅಲ್ಲಿನವರಿಗೆ ಇಂಥ ದಾರಿ ಇರಲಿಲ್ಲ. ಕೊಠಡಿ ಸಂಸ್ಥೆಯದು, ಬೀಗವೂ ಸಂಸ್ಥೆಯದು.

ಇಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಮಾರುಕಟ್ಟೆ ದರ, ಶಾಲೆಯ ಸೂಚನೆ, ಸಾವಿನ ಸುದ್ದಿ ಎಲ್ಲವೂ ಮೊಬೈಲಿನ ಗುಂಪುಗಳಲ್ಲಿ ಓಡಾಡುತ್ತವೆ. ಅಲ್ಲಿ ಕನ್ನಡ ಸರಾಗ, ಚಿತ್ರವೂ ದನಿಯೂ ಸರಾಗ. ಅದನ್ನು ಬಿಟ್ಟು ಹಳೆಯ ಅಕ್ಷರಜಾಲಕ್ಕೆ ಮರಳಿರೆಂದು ಯಾರೂ ಹೇಳಲಾರರು. ಆದರೆ ಆ ಗುಂಪುಗಳು ನಿಂತಿರುವುದು ಬೇರೆಯವರ ಜಾಗದಲ್ಲಿ. ಊರಿನ ಕಟ್ಟೆಯ ಕಲ್ಲು ಸಡಿಲವಾದರೆ ಊರವರೇ ಕೂಡಿ ಸರಿಮಾಡಿಕೊಳ್ಳುತ್ತಾರೆ, ಇಲ್ಲವೇ ಇನ್ನೊಂದು ಮರದ ಕೆಳಗೆ ಹೋಗಿ ಕೂರುತ್ತಾರೆ. ಗುಂಪು ಎದ್ದು ಹೋಗಬಹುದಾದ ಆ ಇನ್ನೊಂದು ಮರವನ್ನು ಐಆರ್‌ಸಿ ಮೊದಲಿನಿಂದಲೂ ಉಳಿಸಿಕೊಂಡಿದೆ.